ಲಾಗಿನ್: ಹಡಗಿನ ಹಲಗೆಯಿಂದ ಮೊಬೈಲ್ ಪರದೆಗೆ

1969ರ ಅಕ್ಟೋಬರ್ 29, ರಾತ್ರಿ ಹತ್ತೂವರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಾರ್ಲಿ ಕ್ಲೈನ್, ಸುಮಾರು 560 ಕಿ.ಮೀ. ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಒಂದೇ ಒಂದು ಪದ ಕಳಿಸಲು ಕೂತಿದ್ದ. ‘ಎಲ್’ ಒತ್ತಿದ, ತಲುಪಿತು. ‘ಓ’ ಒತ್ತಿದ, ಅದೂ ತಲುಪಿತು. ‘ಜಿ’ ಒತ್ತುವಷ್ಟರಲ್ಲಿ ಆಚೆಯ ಯಂತ್ರ ಕೈಕೊಟ್ಟಿತು. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ಟಿನಲ್ಲಿ ಹರಿದ ಮೊದಲ ಸಂದೇಶ, ಹೀಗೆ ಅರ್ಧಕ್ಕೇ ನಿಂತ ‘ಲಾಗಿನ್’. ಪೂರ್ತಿ ಹೋಗಲು ಇನ್ನೂ ಸುಮಾರು ಒಂದು ಗಂಟೆ ಹಿಡಿಯಿತು.

ಈ ಪದದ ಬೇರು ಇರುವುದು ಸಮುದ್ರದಲ್ಲಿ.

ಲಾಗ್ ಎಂದರೆ ಮರದ ದಿಮ್ಮಿ. ಹಡಗಿನ ವೇಗ ತಿಳಿಯಲು ಇಂಗ್ಲಿಷ್ ನಾವಿಕರು ಹಗ್ಗಕ್ಕೆ ಮರದ ತುಂಡು ಕಟ್ಟಿ ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ವಿಲಿಯಂ ಬೌರ್ನ್ 1574ರಲ್ಲೇ ತನ್ನ ನೌಕಾಯಾನದ ಪುಸ್ತಕದಲ್ಲಿ ಈ ವಿಧಾನವನ್ನು ವಿವರಿಸಿದ್ದಾನೆ. ಮುಂದೆ ಆ ತುಂಡು ಕಾಲುವೃತ್ತದ ಹಲಗೆಯಾಯಿತು. ನೀರಲ್ಲಿ ನೆಟ್ಟಗೆ ನಿಲ್ಲಲೆಂದು ಅಂಚಿಗೆ ಸೀಸ ಬಂತು. ಹಲಗೆ ನಿಂತಲ್ಲೇ ನಿಲ್ಲುತ್ತಿತ್ತು, ಹಡಗು ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಬರಿದಾಗುವುದರೊಳಗೆ ಎಷ್ಟು ಗಂಟು ಕೈದಾಟಿದವೋ ಹಡಗಿನ ವೇಗ ಅಷ್ಟು ‘ನಾಟ್’. ಹಡಗುಗಳ ವೇಗವನ್ನು ಇಂದಿಗೂ ಗಂಟಿನ ಲೆಕ್ಕದಲ್ಲೇ ಹೇಳುತ್ತಾರೆ.

ಸಿಕ್ಕ ಅಂಕಿ ಬರೆದಿಡಲು ಪುಸ್ತಕ ಬೇಕಲ್ಲ? ಅದು ಲಾಗ್‌ಬುಕ್. ಬರುಬರುತ್ತ ಅದರಲ್ಲಿ ಗಾಳಿ, ದಿಕ್ಕು, ಹವೆ, ದಿನದ ಆಗುಹೋಗು ಎಲ್ಲ ಸೇರಿದವು. ಹಾಗೆ ದಾಖಲಿಸುವುದೇ ‘ಲಾಗ್’ ಎಂಬ ಕ್ರಿಯಾಪದವಾಯಿತು. ವಿಮಾನ ಚಾಲಕರು ತಮ್ಮ ಹಾರಾಟದ ಗಂಟೆಗಳನ್ನು ಬರೆದಿಡುವುದಕ್ಕೂ ಅದೇ ಪದ.

ಕಂಪ್ಯೂಟರಿಗೆ ಇದು ಹತ್ತಿದ್ದು ಯಂತ್ರದ ಸಮಯ ದುಬಾರಿಯಾಗಿದ್ದ ಕಾಲದಲ್ಲಿ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ತಂಡ ಹಲವರು ಏಕಕಾಲಕ್ಕೆ ಒಂದೇ ಕಂಪ್ಯೂಟರ್ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ಪ್ರದರ್ಶಿಸಿತು. ಯಾರು ಬಂದರು, ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಅಲ್ಲಿ ಅನಿವಾರ್ಯ. ಅದರ ಆಜ್ಞೆಗಳಲ್ಲಿ ಲಾಗಿನ್, ಲಾಗೌಟ್ ಎರಡೂ ಇದ್ದವು, ಪಾಸ್‌ವರ್ಡೂ ಇತ್ತು.

ಹಾಗಾಗಿ ಈ ಪದಗುಚ್ಛದ ಜೀವ ಇರುವುದು ‘ಇನ್’ನಲ್ಲಿ ಅಲ್ಲ, ‘ಲಾಗ್’ನಲ್ಲಿ. ‘ಪ್ರವೇಶಿಸಿ’ ಎಂಬ ಕನ್ನಡ ಗುಂಡಿ ಬಾಗಿಲನ್ನಷ್ಟೇ ತೋರಿಸುತ್ತದೆ, ದಾಖಲೆಯನ್ನು ಬಿಟ್ಟುಬಿಡುತ್ತದೆ. ‘ಹಾಜರಿ ಹಾಕು’ ಎಂಬುದು ಮೂಲಕ್ಕೆ ಎಷ್ಟೋ ಹತ್ತಿರ.

ಇಂಗ್ಲಿಷಿನಲ್ಲಿ ಬರೆಯುವವರು ಎಡವುವ ಜಾಗವೊಂದಿದೆ. ಕ್ರಿಯಾಪದವಾದಾಗ ‘ಲಾಗ್’ ಮತ್ತು ‘ಇನ್’ ಬೇರೆ ಬೇರೆ ಪದಗಳು. ಭೂತಕಾಲದಲ್ಲಿ ‘ಲಾಗ್ಡ್ ಇನ್’ ಆಗುತ್ತದೆ. ಕೂಡಿಸಿ ಬರೆದರೆ ಅದು ನಾಮಪದ. ‘ಲಾಗ್ ಆನ್’, ‘ಲಾಗ್ ಆಫ್’ ಎಂಬ ಜೋಡಿಯೂ ಹೆಚ್ಚುಕಡಿಮೆ ಅದೇ ಅರ್ಥದಲ್ಲಿ ಚಾಲ್ತಿಯಲ್ಲಿದೆ. ಕನ್ನಡ ಈ ತೊಡಕನ್ನು ಸಲೀಸಾಗಿ ದಾಟಿದೆ: ಕೂಡಿದ ನಾಮಪದವನ್ನು ತೆಗೆದುಕೊಂಡು ‘ಆಗು’, ‘ಮಾಡು’ ಸೇರಿಸಿದರೆ ಮುಗಿಯಿತು.

ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ‘ನಿಂಗೆ ಎಷ್ಟು ಗಂಟೆಗೆ ಲಾಗಿನ್?’ ಎಂದರೆ ಪಾಳಿ ಯಾವಾಗ ಶುರು ಎಂದು ಕೇಳಿದಂತೆ. ಆ್ಯಪ್ ನಂಬಿದ ಕ್ಯಾಬ್ ಚಾಲಕರು ‘ಬೆಳಗ್ಗೆ ಆರಕ್ಕೇ ಲಾಗಿನ್ ಆಗಿದೀನಿ ಸಾರ್’ ಎನ್ನುವಾಗಲೂ ಲೆಕ್ಕಕ್ಕೆ ಬರುವುದು ದುಡಿಮೆಯ ಗಂಟೆಗಳೇ.