ಒಂದೇ ಮದ್ದು, ಬೇರೆಬೇರೆ ದೇಹ

ಚಿತ್ತವಿಕಾರದ ಬೇನೆಗೆ ಔಷಧವುಂಟೆಂಬುದನ್ನು ನಮ್ಮ ಪಾಲಕರಲ್ಲಿ ಅನೇಕರು ಬಲ್ಲರು. 1952ರಲ್ಲಿ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಮದ್ದನ್ನು ಈ ಬೇನೆಗೆ ಪ್ರಯೋಗಿಸಿದಂದಿನಿಂದ ಚಿಕಿತ್ಸೆಯ ರೀತಿಯೇ ಬದಲಾಯಿತು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆರಂಭಿಸಿದ ಪ್ರಯೋಗದಿಂದ, ಇಂಥ ಚಿಕಿತ್ಸೆಯು ಹಳ್ಳಿಯ ಆರೋಗ್ಯಕೇಂದ್ರದಲ್ಲಿಯೂ ಸಾಧ್ಯವೆಂದು ತಿಳಿದುಬಂದಿತು. ಆದರೂ ಒಂದು ಪ್ರಶ್ನೆಯು ಮನೆಗಳಲ್ಲಿ ಪಿಸುದನಿಯಲ್ಲಿ ಕೇಳಿಬರುವದು: ನೆರೆಮನೆಯ ಮಗಳಿಗೆ ಹಿಡಿದ ಗುಳಿಗೆಯು ನಮ್ಮ ಮಗಳಿಗೇಕೆ ಹಿಡಿಯಲಿಲ್ಲ?

ಉತ್ತರದ ಒಂದು ಪಾಲು ದೇಹದಲ್ಲಿಯೇ ಇರುವದು. ನುಂಗಿದ ಮದ್ದನ್ನು ಯಕೃತ್ತಿನಲ್ಲಿಯ ಕಿಣ್ವಗಳೆಂಬ ದ್ರವ್ಯಗಳು ಮಾರ್ಪಡಿಸಿ ಹೊರಹಾಕಲು ಅನುವು ಮಾಡುವವು. ಆ ಕಿಣ್ವಗಳ ರಚನಾಕ್ರಮವು ತಾಯಿತಂದೆಗಳಿಂದ ಬಂದ ವಂಶವಾಹಿಗಳಲ್ಲಿ ಅಡಗಿರುವದು. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮೊದಲಾದ ಮದ್ದುಗಳ ಮೇಲೆ ಕೆಲಸಮಾಡುವ ಸಿವೈಪಿ2ಡಿ6 ಎಂಬ ಕಿಣ್ವವು ಕೆಲವರಲ್ಲಿ ಮಂದ, ಕೆಲವರಲ್ಲಿ ಅತಿ ಚುರುಕು. ಒಂದೇ ಮಳೆಯು ಎರೆಹೊಲದಲ್ಲಿ ನಿಂತು, ಮಸಾರಿಹೊಲದಲ್ಲಿ ಇಂಗಿಹೋಗುವದಿಲ್ಲವೇ? ಹಾಗೆಯೇ ಮಂದಕಿಣ್ವದವರ ರಕ್ತದಲ್ಲಿ ಮದ್ದು ಹೆಚ್ಚಾಗಿ ನಿಂತು ಕೈನಡುಕ, ಮೈಬಿಗಿತಗಳನ್ನು ತರಬಹುದು. ಅತಿ ಚುರುಕಿನವರಲ್ಲಿ ಗುಣದೋರುವ ಮೊದಲೇ ಕರಗಿಹೋಗಬಹುದು. ಆದಕಾರಣವೇ ಮಂದಕಿಣ್ವದವರಿಗೆ ಅರಿಪಿಪ್ರಜೋಲನ್ನು ಸಾಧಾರಣ ಪ್ರಮಾಣದ ಅರ್ಧದಷ್ಟೇ ಕೊಡಬೇಕೆಂದು ಅಮೆರಿಕದ ಔಷಧನಿಯಂತ್ರಕರ ಸೂಚನೆಯಿರುವದು.

ನಮ್ಮ ಸೀಮೆಗೆ ಹತ್ತಿರದ ಇನ್ನೊಂದು ನಿದರ್ಶನವನ್ನು ನೋಡೋಣ. ಶಸ್ತ್ರಕ್ರಿಯೆಯಲ್ಲಿಯೂ ಮನೋರೋಗದ ವಿದ್ಯುತ್‌ಚಿಕಿತ್ಸೆಯಲ್ಲಿಯೂ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲೀನ್ ಎಂಬ ಮದ್ದನ್ನು ಕೊಡುವರು. ಕೆಲವೇ ನಿಮಿಷಗಳಲ್ಲಿ ಇಳಿಯತಕ್ಕ ಅದರ ಪ್ರಭಾವವು ದಕ್ಷಿಣ ಭಾರತದ ವೈಶ್ಯ ಸಮಾಜದ ಕೆಲವರಲ್ಲಿ ತಾಸುಗಟ್ಟಲೆ ನಿಂತು, ಉಸಿರಾಟಕ್ಕೆ ಯಂತ್ರದ ನೆರವು ಬೇಕಾಗುವದು. ಅದನ್ನು ಒಡೆಯುವ ಕಿಣ್ವದ ಕೊರತೆಗೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಇವರು ನಿತ್ಯಜೀವನದಲ್ಲಿ ಸಂಪೂರ್ಣ ಆರೋಗ್ಯವಂತರು. ಮುಂಚಿತವಾಗಿ ತಿಳಿಸಿದರೆ ವೈದ್ಯರು ಬೇರೆ ಮದ್ದನ್ನು ಆರಿಸಿಕೊಳ್ಳುವರು.

ಆದರೆ ಎಲ್ಲಕ್ಕೂ ವಂಶವಾಹಿಯೇ ಕಾರಣವೆನ್ನಲಾಗದು. ವಯಸ್ಸು, ಜೊತೆಗೆ ಸೇವಿಸುವ ಇತರ ಮದ್ದು, ಸೇವನೆಯ ಕ್ರಮ ಇವುಗಳೂ ಕಾರಣಗಳೇ. ಬೀಡಿಯ ಹೊಗೆಯಿಂದ ಕ್ಲೋಜಪೀನ್ ಎಂಬ ಮದ್ದು ಬೇಗನೆ ಕರಗುವದು. ಬೀಡಿಯನ್ನು ಒಮ್ಮೆಲೆ ಬಿಟ್ಟರೆ ಅದೇ ಮದ್ದು ರಕ್ತದಲ್ಲಿ ಏರುವದು. ವಂಶವಾಹಿಯ ಪರೀಕ್ಷೆಯೊಂದರಿಂದಲೇ ಯಾವ ಮದ್ದು ಹಿಡಿಯುವದೆಂದು ಖಚಿತವಾಗಿ ಹೇಳಲು ಬಾರದು.

ಗುಳಿಗೆ ಹಿಡಿಯದ ಸೊಸೆಯನ್ನು ಹಠಮಾರಿಯೆಂದು ತವರಿಗಟ್ಟುವ ಮನೆಗಳನ್ನು ನಾವು ಕಂಡಿರುವೆವು. ಪೂರ್ವವಿದ್ಯಾರ್ಥಿನಿಯರೇ, ಅಂಥ ಮನೆಗಳಲ್ಲಿ ನಿಮ್ಮ ವಿದ್ಯೆಯು ಮಾತನಾಡಲಿ. ಅದು ಹಠವೂ ಅಲ್ಲ, ಕುಲದ ಕಳಂಕವೂ ಅಲ್ಲ. ಒಬ್ಬರ ಗುಳಿಗೆಯನ್ನು ಮತ್ತೊಬ್ಬರಿಗೆ ಕೊಡಬೇಡಿರಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ. ಯಾವ ಮದ್ದು, ಎಷ್ಟು ಪ್ರಮಾಣ, ಏನಾಯಿತು, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಮದ್ದು ಒಗ್ಗದೆ ಹೋಯಿತೇ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರ ಮುಂದಿಡಿರಿ. ದೂರದ ಊರಿಗೆ ಹೋಗಲಾಗದವರಿಗೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯು 14416 ಸಂಖ್ಯೆಯಲ್ಲಿ ದೊರೆಯುವದು. ಅಕ್ಷರ ಕಲಿತ ಕೈಯು ಬರೆದಿಟ್ಟ ಒಂದು ಪುಟವು ಸರಿಯಾದ ಮದ್ದಿನ ದಾರಿಯನ್ನು ಬಹಳ ಹತ್ತಿರ ಮಾಡಬಲ್ಲದು.