ಆಡುವ ಮಾತು, ಅರಿಯುವ ಮಾತು

“ನಿನಗೆ ಹಾಲು ಬೇಕೇ?” ಎಂದು ತಾಯಿ ಕೇಳುತ್ತಾಳೆ. “ನಿನಗೆ ಹಾಲು ಬೇಕೇ?” ಎಂದು ನಾಲ್ಕು ವರ್ಷದ ಮಗು ತಾಯಿಯ ರಾಗವನ್ನೇ ಹಿಡಿದು ಮರುನುಡಿಯುತ್ತದೆ. ಬಂದ ನೆಂಟರು, “ಎಷ್ಟು ಸ್ಪಷ್ಟವಾದ ಮಾತು!” ಎಂದು ಮೆಚ್ಚುತ್ತಾರೆ. ತಾಯಿಯ ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ. ಪ್ರಶ್ನೆ ಮಗುವಿಗೆ ಅರ್ಥವಾಯಿತೇ?

ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಒಂದು ಪ್ರಬಂಧ ಬರೆದರು. ಆಟಿಸಂ ಎಂದು ಇಂದು ನಾವು ಕರೆಯುವ ಸ್ಥಿತಿಯ ಪ್ರಸಿದ್ಧ ವರ್ಣನೆ ಅದು. ಆ ಮಕ್ಕಳಲ್ಲಿ 8 ಮಂದಿಗೆ ಮಾತು ಬಂದಿತ್ತು. ಆದರೆ ಕೇಳಿದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದರು, ತಮ್ಮನ್ನು ತಾವೇ “ನೀನು” ಎಂದುಕೊಳ್ಳುತ್ತಿದ್ದರು. ಪ್ರಶ್ನೆಯನ್ನು ಮರುನುಡಿಯುವುದೇ ಅವರ ಪಾಲಿಗೆ “ಹೌದು” ಎನ್ನುವ ರೀತಿಯೆಂಬುದನ್ನೂ ಕ್ಯಾನರ್ ಗಮನಿಸಿದರು. ಆದುದರಿಂದ ಗಿಳಿಪಾಠವೆಂದು ಗದರಿಸುವ ಮುನ್ನ ಹಾಲಿನ ಲೋಟವನ್ನು ಮುಂದೆ ಹಿಡಿದು ನೋಡುವುದು ಲೇಸು.

ಸಾಧಾರಣವಾಗಿ ಕೂಸು ಆಡುವುದಕ್ಕೆ ಬಹು ಮೊದಲೇ ಅರಿಯುತ್ತದೆ. ತಾಯಿ ಚಂದ್ರನತ್ತ ಬೆರಳು ತೋರಿದರೆ ಬೆರಳನ್ನು ಬಿಟ್ಟು ಚಂದ್ರನನ್ನು ನೋಡುತ್ತದೆ. ಹೆಸರು ವಸ್ತುವಿಗೆ ಅಂಟಿಕೊಳ್ಳುವುದು ಹೀಗೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಜೊತೆನೋಟ ತಡವಾಗಿ ಮೂಡುತ್ತದೆ. ಮಾತಿನ ಅರಿವೂ ಹಿಂದೆ ಬೀಳುತ್ತದೆ. ಕೆಲವರಲ್ಲಿ ಅರಿವಿಗಿಂತ ಮಾತೇ ಮುಂದಿರುವಂತೆ ತೋರುವುದುಂಟು. ಮಾತು ಬಾರದ ಮಗುವಿಗೆ ಏನೂ ತಿಳಿಯದೆಂದು ಭಾವಿಸುವುದೂ ಅಷ್ಟೇ ತಪ್ಪು.

ನಮ್ಮ ನುಡಿಯೇನು ಸುಲಭದ್ದೇ! ಹೊರಡುವವರು “ಹೋಗಿಬರುತ್ತೇನೆ” ಎನ್ನುತ್ತಾರೆ. ಮಾತನ್ನು ಇದ್ದಂತೆಯೇ ಹಿಡಿಯುವ ಮಗು ಬಾಗಿಲಲ್ಲಿ ಕಾದು ಕುಳಿತರೆ ತಪ್ಪು ಯಾರದು? “ದೀಪ ದೊಡ್ಡದು ಮಾಡು” ಎಂದರೆ ಆರಿಸು ಎಂದರ್ಥವೆಂದು ಅದಕ್ಕೆ ಹೇಳಿಕೊಟ್ಟವರಾರು? ಇಂಥ ಮಗುವಿನೊಡನೆ ಚಿಕ್ಕ ವಾಕ್ಯಗಳನ್ನಾಡಬೇಕು, ಹೇಳಿದ ವಸ್ತುವನ್ನು ಎದುರಿಗೇ ಇಡಬೇಕು, ಉತ್ತರಕ್ಕೆ ಬಿಡುವು ಕೊಡಬೇಕು.

ಪಾವಗಡ, ಮಧುಗಿರಿಗಳ ಕಡೆ, ಕ್ಯಾತಗಾನಚೆರ್ಲುವಿನಂಥ ಊರುಗಳಿರುವ ಸೀಮೆಯಲ್ಲಿ ಇದರ ಮೇಲೆ ಇನ್ನೊಂದು ಕಳವಳ. ಅಜ್ಜಿ ಆಡುವುದು ತೆಲುಗು, ಶಾಲೆಯಲ್ಲಿ ಕನ್ನಡ. “ಒಂದನ್ನು ಬಿಟ್ಟುಬಿಡಿ, ಮಗುವಿಗೆ ಗೊಂದಲವಾದೀತು” ಎಂಬ ಬುದ್ಧಿವಾದಕ್ಕೆ ಕಿವಿಗೊಟ್ಟು ಅಜ್ಜಿಯ ಬಾಯಿ ಕಟ್ಟಿದರೆ ನಷ್ಟ ಮಗುವಿಗೇ. ಎರಡು ಭಾಷೆಗಳ ನಡುವೆ ಬೆಳೆದ ಮಾತ್ರಕ್ಕೆ ಇಂಥ ಮಕ್ಕಳು ಹಿಂದುಳಿಯುವುದಿಲ್ಲವೆಂದು ಈಚಿನ ಸಂಶೋಧನೆಗಳು ತೋರಿಸಿವೆ.

ಸಂದೇಹ ಬಂದಲ್ಲಿ ಮೊದಲು ಕಿವಿಯ ಪರೀಕ್ಷೆಯಾಗಬೇಕು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಅಲ್ಲಿ ಕಿವಿಯನ್ನೂ ಮಾತನ್ನೂ ಪರೀಕ್ಷಿಸುತ್ತಾರೆ. ಇನ್ನೊಂದು ವರ್ಷ ಕಳೆಯಲಿ ಎಂದು ಕಾಯಬೇಕಾಗಿಲ್ಲ. ಹೋಗುವಾಗ ಅಜ್ಜಿಯನ್ನೂ ಕರೆದೊಯ್ಯಿರಿ. ಮಗುವಿಗೆ ತೆಲುಗಿನಲ್ಲಿ ಎಷ್ಟು ತಿಳಿಯುತ್ತದೆಂಬುದನ್ನು ಹೇಳಬಲ್ಲವರು ಅವರೇ.