ಕಳ್ಳನಿಗೆಂದು ಇಟ್ಟ ಕ್ಯಾಮೆರಾಕ್ಕೆ ಬೀಗ ಹಾಕುವವರು ಯಾರು?

ದಾವಣಗೆರೆಯ ಮಂಡಿಪೇಟೆಯಿಂದ ಹಿಡಿದು ಹಳ್ಳಿಯ ಗೊಬ್ಬರದಂಗಡಿ ತನಕ ಈಗ ಗೋಡೆ ಮೇಲೊಂದು ಕ್ಯಾಮೆರಾ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಜನ ಸೇರುವ ಜಾಗದಲ್ಲಿ ಕ್ಯಾಮೆರಾ ಇರಲೇಬೇಕು, 30 ದಿನದ ಚಿತ್ರ ಇಟ್ಟಿರಬೇಕು ಎಂದು ರಾಜ್ಯ ಸರ್ಕಾರ 2017ರಲ್ಲೇ ಕಾಯ್ದೆ ಮಾಡಿದೆ. ಸಾಹುಕಾರರು ಹಾಕಿಸಿದ್ದಾರೆ. ಹಾಕಲು ಬಂದ ಹುಡುಗ ವೈರು ಎಳೆದು, ಮೊಬೈಲಿನಲ್ಲಿ ಚಿತ್ರ ತೋರಿಸಿ, ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಪಾಸ್‌ವರ್ಡ್ ಏನಪ್ಪಾ ಅಂದರೆ, ಎಷ್ಟೋ ಕಡೆ ಕಂಪನಿಯವರು ಕೊಟ್ಟಿದ್ದೇ: 'ಅಡ್ಮಿನ್'. ಗಲ್ಲಾಪೆಟ್ಟಿಗೆಗೆ ಎರಡು ಬೀಗ, ಅದನ್ನು ಕಾಯುವ ಕ್ಯಾಮೆರಾಕ್ಕೆ ಒಂದೂ ಇಲ್ಲ!

ಇದೇನು ಮಹಾ ಅಪರಾಧ ಅನ್ನುವವರು ಅಮೆರಿಕದಲ್ಲಿ 2016ರ ಅಕ್ಟೋಬರ್ 21ರ ಶುಕ್ರವಾರ ಆದದ್ದನ್ನು ಕೇಳಬೇಕು. ಅಂದು ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್‌ನಂಥ ದೊಡ್ಡ ದೊಡ್ಡ ತಾಣಗಳೇ ಗಂಟೆಗಟ್ಟಲೆ ಕೈಗೆ ಸಿಗಲಿಲ್ಲ. ಇಂಟರ್‌ನೆಟ್ಟಿನ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಸುಳ್ಳು ಕರೆಗಳ ಮಳೆ ಸುರಿದಿತ್ತು. ಸುರಿಸಿದ್ದು ಯಾವ ಶತ್ರುದೇಶದ ಸೇನೆಯೂ ಅಲ್ಲ. ಮನೆ, ಅಂಗಡಿಗಳ ಕ್ಯಾಮೆರಾ, ಚಿತ್ರ ತುಂಬಿಡುವ ಡಿವಿಆರ್ ಪೆಟ್ಟಿಗೆ, ವೈಫೈ ರೌಟರ್!

'ಮಿರಾಯ್' ಎಂಬ ಪ್ರೋಗ್ರಾಂ ಅವುಗಳೊಳಗೆ ಹೊಕ್ಕಿತ್ತು. ಅದರ ಬಳಿ ಇದ್ದದ್ದು ಕಂಪನಿಗಳೇ ಕೊಟ್ಟ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಊರೆಲ್ಲ ಸುತ್ತಿ ಪ್ರತಿ ಬಾಗಿಲಿಗೂ ಅದೇ ಕೀಲಿಗೊಂಚಲು ಹಾಕಿ ನೋಡುವುದು, ತೆರೆದುಕೊಂಡರೆ ಒಳಗೆ ಕೂರುವುದು. ಸ್ವಿಚ್ ಆರಿಸಿ ಹಾಕಿದರೆ ಹೊರಟುಹೋಗುತ್ತಿತ್ತು, ನಿಜ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷದಲ್ಲಿ ಮತ್ತೆ ಹಾಜರ್. ಕೆಲವು ಪೆಟ್ಟಿಗೆಗಳಲ್ಲಂತೂ ಹಿಂಬಾಗಿಲ ಪಾಸ್‌ವರ್ಡನ್ನು ಮಾಲೀಕ ಬದಲಾಯಿಸಲು ಬರುತ್ತಲೇ ಇರಲಿಲ್ಲ.

ಇದನ್ನು ತಯಾರಿಸಿದವರು ಇಪ್ಪತ್ತರ ಆಸುಪಾಸಿನ ಮೂವರು ಹುಡುಗರು. ಕಂಪ್ಯೂಟರ್ ಆಟದ ವ್ಯಾಪಾರದಲ್ಲಿ ಎದುರಾಳಿಗಳನ್ನು ಮಲಗಿಸುವುದು ಮೊದಲ ಉದ್ದೇಶ. 2017ರಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಪ್ರೋಗ್ರಾಂ ಊರಿಗೆಲ್ಲ ಹಂಚಿಹೋಗಿತ್ತು.

ದಾಳಿ ನಡೆದು ತಿಂಗಳೂ ತುಂಬಿರಲಿಲ್ಲ. ನವೆಂಬರ್ 16ರಂದು ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಬ್ರೂಸ್ ಶ್ನಯರ್ ಸಾಕ್ಷಿ ಹೇಳಿದರು. ಈತ ಗೂಢಲಿಪಿ ಪಂಡಿತ. 1993ರಲ್ಲಿ 'ಬ್ಲೋಫಿಶ್' ಎಂಬ ಗೂಢಲಿಪಿ ವಿಧಾನ ರೂಪಿಸಿದವರು. ಬರೀ ಬೀಗ ತಯಾರಿಸಿದರೆ ಸಾಲದು, ಬೀಗ ಹಾಕಿಸುವ ಕಾನೂನೂ ಬೇಕು ಎಂದು ಆ ಕಡೆ ಹೊರಳಿದವರು.

ಅವರ ವಾದ ಯಾವ ಸಂತೆ ವ್ಯಾಪಾರಿಗೂ ಅರ್ಥವಾಗುವಂಥದು. ಅಗ್ಗದ ಕ್ಯಾಮೆರಾ ಮಾರಿದವನಿಗೆ ಲಾಭ, ಕೊಂಡವನಿಗೆ ಚಿತ್ರ ಬರುತ್ತಿದೆ. ಇಬ್ಬರೂ ಖುಷಿ. ಪೆಟ್ಟು ತಿಂದವನು ಎಲ್ಲೋ ಇರುವ ಮೂರನೆಯವನು. ಹೀಗಿರುವಾಗ ಪೇಟೆ ತಾನಾಗಿ ಸರಿಹೋಗುವುದಿಲ್ಲ, ಕಾರ್ಖಾನೆಯ ಕೊಳಕು ನೀರು ಹೊಳೆಗೆ ಬಿದ್ದ ಹಾಗೆ ಇದು, ಸರ್ಕಾರವೇ ಕೈ ಹಾಕಬೇಕು ಎಂದರು. ಇನ್ನೊಂದು ಮಾತೂ ಸೇರಿಸಿದರು: ಮೊಬೈಲನ್ನು ಜನ ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ, ಫ್ರಿಜ್ಜು ಇಪ್ಪತ್ತೈದು ವರ್ಷ ಬಾಳುತ್ತದೆ. ಅಲ್ಲಿಯತನಕ ಅದರೊಳಗಿನ ಕಂಪ್ಯೂಟರನ್ನು ರಿಪೇರಿ ಮಾಡುವವರು ಯಾರು?

ಅವರು ಕೇಳಿದ ಪ್ರತ್ಯೇಕ ಇಲಾಖೆಯನ್ನು ಅಮೆರಿಕ ಮಾಡಲಿಲ್ಲ. 2020ರ ಕೇಂದ್ರ ಕಾಯ್ದೆ ಸರ್ಕಾರಿ ಖರೀದಿಗಷ್ಟೇ ಸೀಮಿತ. ಕ್ಯಾಲಿಫೋರ್ನಿಯಾ ರಾಜ್ಯ ಅದೇ ವರ್ಷ ಜನವರಿಯಿಂದ ತನ್ನದೇ ಕಾನೂನು ಜಾರಿ ಮಾಡಿತು. ಗಟ್ಟಿ ಕೆಲಸ ಮಾಡಿದ್ದು ಬ್ರಿಟನ್. ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಡುವುದು 2024ರ ಏಪ್ರಿಲ್ 29ರಿಂದ ಅಲ್ಲಿ ಕಾನೂನುಬಾಹಿರ. ಸುರಕ್ಷತೆಯ ರಿಪೇರಿ ಎಷ್ಟು ಕಾಲ ಕೊಡುತ್ತೇವೆಂದು ಕಂಪನಿ ಮೊದಲೇ ಹೇಳಬೇಕು. ತಪ್ಪಿದರೆ ದಂಡ ಒಂದು ಕೋಟಿ ಪೌಂಡಿನವರೆಗೂ ಹೋಗಬಹುದು.

ನಮ್ಮಲ್ಲೂ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. 2025ರ ಏಪ್ರಿಲ್‌ನಿಂದ ಮಾರುವ ಸಿಸಿಟಿವಿ ಕ್ಯಾಮೆರಾ ಸುರಕ್ಷತಾ ಪರೀಕ್ಷೆ ಪಾಸಾಗಿರಬೇಕು. ಒಳ್ಳೆಯದೇ. ಆದರೆ ಇದು ಹೊಸ ಮಾಲಿಗೆ. ಅದಕ್ಕೂ ಮುಂಚೆ ಗೋಡೆ ಏರಿ ಕೂತವು ಲೆಕ್ಕಕ್ಕೆ ಬರುವುದಿಲ್ಲ. ಅವುಗಳ ಮನೆಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ.

ಹಾಕಿದ ಹುಡುಗನನ್ನೇ ಕರೆಸಿ 'ಪಾಸ್‌ವರ್ಡ್ ಬದಲಾಯಿಸಿಕೊಡಪ್ಪಾ' ಅಂದರೆ ಐದು ನಿಮಿಷದ ಕೆಲಸ. 'ಇದರಲ್ಲಿ ಬರಲ್ಲ ಅಣ್ಣಾ' ಎಂದು ಅವನು ತಲೆ ಕೆರೆದುಕೊಂಡರೆ, ಬಿಲ್ಲು ಹಿಡಿದು ಮಾರಿದ ಅಂಗಡಿಗೇ ಹೋಗಬೇಕಾಗುತ್ತದೆ.